ಅಂಗಡಿಯಲ್ಲಿ ಸಿಗದ ಹಾಡುಗಳು

ಜೇವರ್ಗಿ ಕಾಲೋನಿ, ಕಲಬುರಗಿ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಇವರಿಗೆ,

ಲಕೋಟೆಯ ಮೇಲೆ ಧೀರೇಂದ್ರ ಎಂದು ದೊಡ್ಡದಾಗಿ ಬರೆದಿದ್ದೇನೆ. ಒಳಗೆ ಬರೆಯಲು ಮಾತ್ರ ಇನ್ನೂ ಕೈ ಬರುವುದಿಲ್ಲ. ಮದುವೆಯಾಗಿ ಹದಿನಾರು ವರ್ಷವಾದರೂ ಗಂಡನ ಹೆಸರು ಹಿಡಿಯಲಾರದ ಹೈಸ್ಕೂಲು ಟೀಚರಮ್ಮ ಎಂದು ನೀವು ಅಲ್ಲಿ ಕೂತು ನಗುತ್ತಿರಬೇಕು, ನಗಿ. ಮೊದಲು ನಿಮ್ಮ ಆರೋಗ್ಯ ಹೇಗಿದೆ ಹೇಳಿ. ಕಳೆದ ಸಲ ಫೋನಿನಲ್ಲಿ ಕೈಬೆರಳು ಚಳಿಗೆ ಬಾತುಕೊಂಡು ಪೆನ್ನು ಹಿಡಿಯಲು ಆಗುತ್ತಿಲ್ಲ ಎಂದಿರಿ, ಅಷ್ಟರಲ್ಲಿ ಲೈನು ಹೋಯಿತು. ಬೆರಳು ಇಳಿದವೇ? ನಾನು ಕಳಿಸಿದ ಉಣ್ಣೆಯ ಕೈಗವಸು ತಲುಪಿತೇ? ಅರುಣಾಚಲದ ಆ ಕಣಿವೆಯಲ್ಲಿ ನೀವು ರಸ್ತೆ ಕಡಿಯುತ್ತೀರಿ, ಇಲ್ಲಿ ನಾವು ಜನವರಿಯಲ್ಲೂ ಫ್ಯಾನು ಹಾಕಿಕೊಂಡು ಕೂರುತ್ತೇವೆ. ನಿಮ್ಮ ಮೆಸ್ಸಿನಲ್ಲಿ ಮೂರು ಹೊತ್ತೂ ಅನ್ನವಂತೆ. ನಿನ್ನೆ ಜೋಳದ ರೊಟ್ಟಿ ಬಡಿಯುವಾಗ ಅದು ನೆನಪಾಗಿ ಒಂದು ರೊಟ್ಟಿ ಸೀದುಹೋಯಿತು.

ಈಗ ಇಲ್ಲಿಯ ಸುದ್ದಿ. ಅತ್ತೆಯವರು ಚೆನ್ನಾಗಿದ್ದಾರೆ. ಈ ಮಾತನ್ನು ಎರಡು ತಿಂಗಳಿಂದ ಫೋನಿನಲ್ಲಿ ಪ್ರತಿ ಸಲ ಹೇಳಿದ್ದೇನೆ. ಆದರೆ ನವೆಂಬರಿನಲ್ಲಿ ಹೇಳಿದಾಗ ಅದು ಸುಳ್ಳಾಗಿತ್ತು. ಸಿಟ್ಟಾಗಬೇಡಿ, ಪೂರ್ತಿ ಓದಿ. ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್‌ಗೆ ಹೋಗಿ ಬರುವುದು ಅವರಿಗೆ ಅಭ್ಯಾಸವಾಗಿದೆ ಎಂದು ನಾವಿಬ್ಬರೂ ತಿಳಿದಿದ್ದೆವು. ಆಗಿರಲಿಲ್ಲ. ಸೂಜಿಯ ನೋವಿಗೆ ಅವರು ಎಂದೂ ಅಂಜಿದವರಲ್ಲ. ಅವರನ್ನು ಸೋಲಿಸಿದ್ದು ಆ ನಾಲ್ಕು ತಾಸು. ಎಡಗೈಯನ್ನು ಮಷೀನಿಗೆ ಕೊಟ್ಟು ಅಲುಗಾಡದೆ ಮಲಗಬೇಕು, ಮೇಲೆ ಬಿಳಿ ಛಾವಣಿ, ಎದುರಿಗೆ ಯಾರೋ ಹಚ್ಚಿಟ್ಟ ಟೀವಿಯಲ್ಲಿ ಜಗಳದ ಧಾರಾವಾಹಿ. ನವೆಂಬರ್ ಎರಡನೇ ವಾರದ ಮಂಗಳವಾರ ಆಟೋ ಬಂದು ಬಾಗಿಲಲ್ಲಿ ನಿಂತಾಗ ಅವರು ದೇವರ ಮನೆಯಲ್ಲೇ ಕೂತು, "ನಾ ಬರಂಗಿಲ್ಲ ಶುಭದಾ. ಎಪ್ಪತ್ತೆರಡಾತು, ಸಾಕು. ಆ ಛತ್ತ ನೋಡಿ ನೋಡಿ ನಂಗ ಹುಚ್ಚ ಹಿಡೀತದ" ಎಂದರು. ಬೇಡಿಕೊಂಡೆ, ಕಣ್ಣೀರು ಹಾಕಿದೆ, ಗದರಿದೆ. ಆ ಶುಕ್ರವಾರವೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕಾಲು, ಮುಖ ಬಾತು, ಉಸಿರು ಮೇಲೆ ಕೆಳಗೆ ಆಗಿ, ಎದುರು ಮನೆಯ ವಿವೇಕಾನಂದ ಅವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ಎರಡು ದಿನ ಐಸಿಯು. ಆ ವಾರ ನಿಮ್ಮ ಕಡೆ ಗುಡ್ಡ ಕುಸಿದು ಫೋನು ಬರಲಿಲ್ಲ. ಬಂದಾಗ ಅವರು ಮನೆಗೆ ಬಂದಿದ್ದರು, ನನ್ನ ಕೈ ಹಿಡಿದು ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. ನಾನು ಹೇಳಲಿಲ್ಲ.

ಅಲ್ಲಿಂದ ಮನೆಗೆ ಬಂದ ಮೇಲೆ ನನಗೆ ಒಂದೇ ಯೋಚನೆ: ಆ ನಾಲ್ಕು ತಾಸನ್ನು ಏನು ಮಾಡುವುದು. ಓದಲು ಕಣ್ಣು ಸಾಲದು, ಮಾತಾಡಲು ಪಕ್ಕದ ಹಾಸಿಗೆಯವರು ನಿದ್ದೆಯಲ್ಲಿರುತ್ತಾರೆ. ಹಾಡು ಕೇಳಿಸೋಣ ಎಂದು ನನ್ನ ಫೋನು ಕೊಟ್ಟೆ. ಡಯಾಲಿಸಿಸ್ ವಾರ್ಡು ನೆಲಮಾಳಿಗೆಯಲ್ಲಿದೆ, ನೆಟ್‌ವರ್ಕ್ ಬಾರದು. ಬಂದರೆ ದೇವರ ನಾಮದ ನಡುವೆ ಅಡುಗೆ ಎಣ್ಣೆಯ ಜಾಹೀರಾತು. ಅದೂ ಹೋಗಲಿ, ಅವರ ಒಣಗಿದ ಬೆರಳಿಗೆ ಪರದೆ ಓಗೊಡುವುದೇ ಇಲ್ಲ. ಒಮ್ಮೆ ಏನೋ ಒತ್ತಿ ನಮ್ಮ ಹೆಡ್‌ಮಾಸ್ತರರಿಗೆ ವಿಡಿಯೋ ಕಾಲ್ ಹೋಗಿ, ಅವರು ಮಷೀನು, ನಳಿಗೆ, ರಕ್ತ ನೋಡಿ ಗಾಬರಿಯಾಗಿ ನನ್ನನ್ನು ಕ್ಲಾಸಿನಿಂದ ಹೊರಗೆ ಕರೆಸಿದರು. ಆಗಲೇ ತೀರ್ಮಾನಿಸಿದೆ, ಹಾಡು ಬಿಟ್ಟು ಬೇರೇನೂ ಮಾಡದ ಒಂದು ಸಣ್ಣ ಪ್ಲೇಯರ್ ಬೇಕು, ಹಿಂದೆ ನೀವು ಪಾಲಿಟೆಕ್ನಿಕ್‌ಗೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಿರಲ್ಲ, ಅಂಥದ್ದು.

ಸೂಪರ್ ಮಾರ್ಕೆಟ್ ಬಜಾರದಲ್ಲಿ ಆರು ಅಂಗಡಿ ತಿರುಗಿದೆ. "ಈಗ ಅದನ್ಯಾರ ಕೇಳ್ತಾರ್ರೀ ಮೇಡಂ" ಎಂದು ಐದು ಅಂಗಡಿಯವರು ನಕ್ಕರು. ಆರನೆಯವನು ಥಳಥಳ ಪರದೆಯ ಒಂದನ್ನು ತೋರಿಸಿ, ಅದರಲ್ಲಿ ನಾಲ್ಕು ಸಾವಿರ ಹಾಡು ತಾನೇ ತುಂಬಿ ಕೊಡುವುದಾಗಿ ಹೇಳಿದ. ಯಾರ ಹಾಡು, ಎಲ್ಲಿಂದ ತಂದದ್ದು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಬೇಡವೆಂದು ಹೊರಗೆ ಬಂದೆ. ಮರುದಿನ, ಇಲ್ಲೇ ಗಾಜಿಪುರದಲ್ಲಿ ಲಾಲ್ ಅಹ್ಮದ್ ಅವರನ್ನು ಕೇಳಿ ನೋಡು ಎಂದು ನಮ್ಮ ಶಾಲೆಯ ಉರ್ದು ಟೀಚರ್ ಉಮ್ಮೆ ಹಾನಿ ಹೇಳಿದರು. ನಲವತ್ತು ವರ್ಷದಿಂದ ರೇಡಿಯೋ, ಟೇಪು ರಿಪೇರಿ ಮಾಡುವವರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಒಂದು ಮೇಜು, ಮೂಗಿನ ತುದಿಗೆ ಕನ್ನಡಕ. ಅವರ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆ.

ಬೆಲೆ ಎಷ್ಟರದ್ದು ಬೇಕು ಎಂದು ಅವರು ಕೇಳಲೇ ಇಲ್ಲ. "ಮೊದಲ ಹೇಳ್ರೀ ಬಾಯಿ, ಅವ್ವಾರಿಗಿ ಯಾವ ಕೈ ಖಾಲಿ ಇರ್ತದ?" ಎಂದರು. ಬಲಗೈ ಎಂದೆ. ಕಣ್ಣು ಹೇಗೆ, ಕಿವಿ ಹೇಗೆ, ಮಲಗಿರುತ್ತಾರೋ ಒರಗಿರುತ್ತಾರೋ, ನರ್ಸು ಕರೆದರೆ ಕೇಳಿಸಬೇಕೋ ಬೇಡವೋ. ಡಾಕ್ಟರು ಕೂಡ ಇಷ್ಟು ಕೇಳಿರಲಿಲ್ಲ. ನಾಲ್ಕು ಸಾವಿರ ಹಾಡಿನ ಮಾತು ಹೇಳಿದಾಗ, "ನಾಕ ತಾಸಿಗಿ ನಾಕ ಸಾವಿರ ಹಾಡಾ? ಅವ್ವಾರು ಕೇಳಬೇಕೋ ಎಣಸಬೇಕೋ?" ಎಂದು ಗಡ್ಡ ಸವರಿಕೊಂಡರು. ಮೂರು ಪ್ಲೇಯರ್ ಮೇಜಿನ ಮೇಲಿಟ್ಟರು. ಒಂದು ದೊಡ್ಡ ಶೋಕಿನವರದ್ದು, ಕಬ್ಬಿಣದ ತೂಕ; ಎದೆಯ ಮೇಲಿಟ್ಟರೆ ಉಸಿರಿಗೆ ಭಾರ ಎಂದು ಅವರೇ ಬದಿಗೆ ಸರಿಸಿದರು. ಎರಡನೆಯದಕ್ಕೆ ಪರದೆ ಮುಟ್ಟಬೇಕು. ಮೂರನೆಯದು ಬೆಂಕಿಪೆಟ್ಟಿಗೆಗಿಂತ ಒಂದಿಷ್ಟು ಉದ್ದ, ಐದು ಉಬ್ಬು ಗುಂಡಿ, ಸೆರಗಿಗೆ ಸಿಗಿಸಲು ಕ್ಲಿಪ್ಪು, ಪಕ್ಕದಲ್ಲಿ ಕಾರ್ಡು ಹಾಕುವ ಸೀಳು. ಅದನ್ನು ನನ್ನ ಕೈಗೆ ಕೊಟ್ಟು ಮೇಲೆ ಒರೆಸುವ ಬಟ್ಟೆ ಹೊದಿಸಿ, "ನೋಡಲಾರದ ಚಾಲೂ ಮಾಡ್ರೀ" ಎಂದರು. ಮಾಡಿದೆ. "ನಿಲ್ಲಸ್ರೀ." ನಿಲ್ಲಿಸಿದೆ. "ಈಗ ಮತ್ತ ಚಾಲೂ." ನಿಲ್ಲಿಸಿದ ಜಾಗದಿಂದಲೇ ಹಾಡು ಮುಂದುವರಿಯಿತು. ಅದು ಮುಖ್ಯವಂತೆ. ನರ್ಸು ಬಂದು ಮಾತಾಡಿಸಿ ಹೋದ ಮೇಲೆ ಮುದುಕರು ಮೊದಲಿಂದ ಹುಡುಕಬಾರದು. ಕಿವಿಯೊಳಗೆ ತುರುಕುವ ಇಯರ್‌ಫೋನ್ ಬೇಡವೆಂದು ಸ್ಪಂಜಿನ ಹಳೆಯ ಮಾದರಿಯ ಹೆಡ್‌ಫೋನ್ ಕೊಟ್ಟರು. ಕೊನೆಗೆ ಚಾಲೂ ಮಾಡುವ ಗುಂಡಿಯ ಮೇಲೆ ಅಂಟಿನ ಒಂದು ಹನಿ ಬಿಟ್ಟು ಒಣಗಿಸಿದರು, ಬೆರಳಿಗೆ ತಾನಾಗಿ ಸಿಗಲೆಂದು. ದುಬಾರಿಯದ್ದು ಮಾರಬಹುದಿತ್ತು, ನಾನು ಕೊಳ್ಳುತ್ತಿದ್ದೆ. ಅವರು ಮಾರಲಿಲ್ಲ.

ಇನ್ನು ಅದಕ್ಕೆ ಹಾಡು ತುಂಬುವ ಕೆಲಸ. ಕೊಂಡು ಇಳಿಸಿಕೊಳ್ಳುವ ಒಂದು ಜಾಲತಾಣ ಹುಡುಕಿ, ದಾಸರ ಪದಗಳನ್ನು ಒಂದೊಂದೇ ಕೇಳಿ ಆರಿಸಿದೆ. ಹಾಡಿದವರಿಗೆ ಸಲ್ಲಬೇಕಾದ್ದು ಸಲ್ಲಲಿ ಎಂಬುದು ಒಂದು ಮಾತು. ನಾನೇ ಆರಿಸಿದೆ ಎಂಬ ಸಮಾಧಾನ ಇನ್ನೊಂದು. ಭಾಳ ಒತ್ತಿ ಸಣ್ಣದು ಮಾಡಿದ ಫೈಲು ತರಬೇಡ, "ಹಾಡಿಂದು ಉಸರ ಹೋಗತದ" ಎಂದು ಲಾಲ್ ಅಹ್ಮದ್ ಎಚ್ಚರಿಸಿದ್ದರಿಂದ ದೊಡ್ಡ ಫೈಲುಗಳನ್ನೇ ತಂದೆ. ಅತ್ತೆಯವರು ಮಂಗಳವಾರ ಕೇಳಿದರು. "ಚಲೋ ಹಾಡ್ಯಾಳ ಪೋರಿ. ಆದ್ರ ಭಾಳ ಅವಸರ ಅದ ಅಕಿಗಿ, ಎಲ್ಲೋ ಬಸ್ಸಿಗಿ ಹೊಂಟಾಂಗ" ಎಂದರು. ಹಾಗಾದರೆ ಹಳೆಯದು ಬೇಕೇನೋ ಎಂದು ಮಾವನವರ ಟ್ರಂಕಿನಿಂದ ಭಜನೆಯ ಏಳು ಕ್ಯಾಸೆಟ್ಟು ತೆಗೆದೆ. ಬೂಷ್ಟು ಹಿಡಿದಿದ್ದವು. ಲಾಲ್ ಅಹ್ಮದ್ ರೀಲು ಬಿಚ್ಚಿ, ಹತ್ತಿಯಿಂದ ಒರೆಸಿ, ಮತ್ತೆ ಸುತ್ತಿ ಡೆಕ್ಕಿನಿಂದ ಕಂಪ್ಯೂಟರಿಗೆ ಇಳಿಸಿದರು. ಒಂದು ತಾಸಿನ ಕ್ಯಾಸೆಟ್ಟು ಇಳಿಯಲು ಒಂದು ತಾಸೇ ಬೇಕು. ಏಳು ತಾಸೂ ಅವರು ಪಕ್ಕದಲ್ಲೇ ಕೂತು ಕೇಳಿದ್ದಾರೆ, ಎಲ್ಲಿ ಕೊರಕೊರ ಬಂದಿದೆ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದಾರೆ. ನಮಾಜಿಗೆ ಎದ್ದಾಗ ಮಾತ್ರ ಟೇಪು ನಿಲ್ಲಿಸಿದರಂತೆ. ಇಷ್ಟೆಲ್ಲ ಆಗಿ, ಶುಕ್ರವಾರ ವಾರ್ಡಿನಿಂದ ಹೊರಗೆ ಬಂದ ಅತ್ತೆಯವರು ಹೆಡ್‌ಫೋನ್ ಸುತ್ತಿ ನನ್ನ ಕೈಗಿಟ್ಟು, "ಮುಂದಿನ ವಾರ ಬ್ಯಾಡವಾ" ಎಂದರು. ಹಾಡಿನ ಮಾತೋ ಡಯಾಲಿಸಿಸ್ ಮಾತೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಆಟೋದಲ್ಲಿ ನನಗೆ ಅಳು ಬಂತು, ಅಳುವಿನ ಹಿಂದೆ ಸಿಟ್ಟೂ ಬಂತು. "ಹಂಗಾರ ನಿಮಗ ಯಾವ ಹಾಡ ಬೇಕ್ರೀ ಅತ್ಯಾ? ನೀವು ಹೇಳಲಾರದ ನನಗ ಹ್ಯಾಂಗ ತಿಳೀಬೇಕ್ರೀ?" ಎಂದುಬಿಟ್ಟೆ. ರಾಮಮಂದಿರ ಸರ್ಕಲ್ ದಾಟುವವರೆಗೆ ಅವರು ಸೆರಗಿನ ಅಂಚು ಮಡಿಸುತ್ತಾ ಕೂತರು. ಆಮೇಲೆ, ಆಟೋದವನಿಗೂ ಕೇಳಬಾರದು ಎಂಬಷ್ಟು ಸಣ್ಣ ದನಿಯಲ್ಲಿ, "ಬೇಗಂನ ಹಾಡ" ಎಂದರು.

ಕಮಲಾಪುರದ ನಿಮ್ಮ ಮನೆಯ ಪಕ್ಕದ ಇಕ್ಬಾಲ್ ಬೇಗಂ. ನೀವು ಚಿಕ್ಕವರಿದ್ದಾಗ ಚೆಂಡು ಬಿದ್ದರೆ ಗೋಡೆ ಮೇಲಿಂದ ಎಸೆಯುತ್ತಿದ್ದವರು. ಅವರ ಮನೆಯಲ್ಲಿ ಲಗ್ನ, ಹಬ್ಬ ಬಂದಾಗ ಹೆಂಗಸರು ಢೋಲಕ್ ಹಿಡಿದು ಹಾಡುವ ದಖನಿ ಉರ್ದು ಹಾಡುಗಳು. ಬೀಗತಿಯನ್ನು ಚೇಷ್ಟೆ ಮಾಡುವ, ಮದುಮಗನ ಮೀಸೆಯನ್ನು ಅಣಕಿಸುವ ಹಾಡುಗಳು! ನಮ್ಮ ಅತ್ತೆ, ಮಡಿಯಲ್ಲಿ ನೀರು ತರುವಾಗ ನನ್ನ ನೆರಳನ್ನೂ ತಪ್ಪಿಸಿ ನಡೆಯುವ ತುಂಗಾಬಾಯಿಯವರು, ಮೂವತ್ತೆರಡು ವರ್ಷ ಆ ಹಾಡುಗಳಿಗೆ ಕಿವಿಗೊಟ್ಟಿದ್ದರು. "ಗೋಡಿ ಈ ಕಡೆ ನಾ ಹೂರಣಾ ರುಬ್ಬತಿದ್ದೆ. ಆ ಕಡೆ ಅಕಿ ಢೋಲಕ ಹಿಡದಳಂದ್ರ ಒಳಕಲ್ಲ ನಿಲ್ಲಸತಿದ್ದೆ. ನಿಮ್ಮ ಮಾವನವರು ಯಾಕ ನಿಂತತು ಅಂದ್ರ, ಕೈ ಸೋತಾವಂತ ಹೇಳತಿದ್ದೆ" ಎಂದರು. ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಇತ್ತು. ಈ ಹಾಡು ಯಾವ ಅಂಗಡಿಯಲ್ಲೂ ಇಲ್ಲ, ಯಾವ ಕಂಪನಿಯೂ ಇಳಿಸಿಕೊಂಡಿಲ್ಲ. ಲಾಲ್ ಅಹ್ಮದ್ ಅವರಿಗೆ ಹೇಳಿದರೆ, ಅವರು ಪ್ಲೇಯರ್ ತಿರುಗಿಸಿ ಬದಿಯಲ್ಲಿದ್ದ ಕೆಂಪು ಗುಂಡಿ ತೋರಿಸಿದರು. ಅದರಲ್ಲಿ ಮೈಕು ಇದೆಯಂತೆ. ಹಾಡು ಪಡೆಯಲು ಇನ್ನೂ ಒಂದು ದಾರಿ ಉಂಟು ಬಾಯಿ, ಹಾಡುವವರ ಮನೆಗೆ ಹೋಗುವುದು, ಎಂದರು.

ಡಿಸೆಂಬರ್ ಇಪ್ಪತ್ತೆರಡರ ಭಾನುವಾರ ಕಮಲಾಪುರಕ್ಕೆ ಹೋದೆ. ಇಕ್ಬಾಲ್ ಬೇಗಂ ಮಂಚದ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಮೊಣಕಾಲು ಹೋಗಿವೆ, ಮಾತು ಮಾತ್ರ ಹಾಗೇ ಇದೆ. ಮಗ ಝಹೀರ್ ತೋಟಕ್ಕೆ ಹೋಗಿದ್ದ, ಸೊಸೆ ಆಸ್ಮಾ ಚಹಾ ಮಾಡಿದಳು. ವಿಷಯ ಹೇಳಿದೆ. ಮೊದಲು ನಕ್ಕರು. "ಅಯ್ಯ ನಮ್ಮವ್ವಾ, ನಂದೇನ ಹಾಡ? ನಮ್ಮವರ ಹೋದ ಮ್ಯಾಲ ಒಂಬತ್ತ ವರ್ಷಾತು, ಬಾಯಿ ತಗದಿಲ್ಲ. ಢೋಲಕಿನ ತೊಗಲ ಹರದದ" ಎಂದರು. ನಾನು ಆಟೋದಲ್ಲಿ ಕೇಳಿದ್ದನ್ನು ಹಾಗೇ ಹೇಳಿದೆ, ಒಳಕಲ್ಲು ನಿಲ್ಲಿಸುತ್ತಿದ್ದುದನ್ನೂ. ಅವರ ಕೈ ಬೇಳೆಯಲ್ಲೇ ನಿಂತುಬಿಟ್ಟಿತು. "ತುಂಗಕ್ಕ ಕೇಳತಿದ್ಲಾ? ನಾ ತಿಳದಿದ್ದೆ, ಆಚಾರ್ರ ಮನ್ಯಾಗ ನಮ್ಮ ಗದ್ದಲಾ ಆಗಬರಂಗಿಲ್ಲಂತ. ಕಲ್ಲಿನ ಸಪ್ಪಳಾ ನಿಂತರ ಸಾಕು, ಅಕಿಗಿ ಸಿಟ್ಟ ಬಂತಂತ ನಾನೇ ಎದ್ದ ಖಿಡಕಿ ಮುಚ್ಚತಿದ್ದೆ" ಎಂದರು. ಇಬ್ಬರ ನಡುವೆ ಒಂದು ಗೋಡೆ, ಇಬ್ಬರದೂ ಇಷ್ಟು ಮರ್ಯಾದೆ.

ಅವರು ಕಣ್ಣು ಒರೆಸಿಕೊಂಡು ಆಸ್ಮಾಳಿಗೆ ಖಾಲಿ ಪ್ಲಾಸ್ಟಿಕ್ ಕೊಡ ತರಲು ಹೇಳಿದರು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಂಗುರದ ಬೆರಳಿನಿಂದ ತಾಳ ಹಿಡಿದರು. ಮೊದಲ ಹಾಡಿನಲ್ಲಿ ದನಿ ಎರಡು ಸಲ ಮುರಿಯಿತು, ಅಳಿಸಿಬಿಡು ಎಂದು ನನ್ನ ಮೇಲೆ ರೇಗಿದರು. ನಾನು ಅಳಿಸಲಿಲ್ಲ. ಮೂರನೆಯದಕ್ಕೆ ಗಂಟಲು ತೆರೆಯಿತು ನೋಡಿ, ಏನು ದನಿ! ದಪ್ಪ, ಸ್ವಲ್ಪ ಒರಟು, ತುಂಟತನ ತುಂಬಿದ್ದು. ಬೀಗತಿಯ ಮೂಗುತಿ ಸಾರಿನ ಪಾತ್ರೆಯಲ್ಲಿ ಬಿದ್ದು ಇಡೀ ಮದುವೆ ಮನೆ ಸೌಟು ಹಿಡಿದು ಹುಡುಕುವ ಹಾಡಿಗೆ ಆಸ್ಮಾ ಅಡುಗೆಮನೆಯಿಂದಲೇ ದನಿಗೂಡಿಸಿದಳು. ಕುಕ್ಕರಿನ ಸೀಟಿ, ಆಡಿನ ಮರಿಯ ಕೂಗು ಎಲ್ಲ ಸೇರಿ ನಲವತ್ತೇಳು ನಿಮಿಷ.

ಮಂಗಳವಾರ ಅತ್ತೆಯವರನ್ನು ಬಹಳ ಹೇಳಿ ಒಪ್ಪಿಸಿ ಕರೆದೊಯ್ದೆ. ಏನಿದೆ ಎಂದು ಹೇಳಲಿಲ್ಲ. ಸೂಜಿ ಹಾಕಿ ಮಷೀನು ಶುರುವಾದ ಮೇಲೆ ಅವರೇ ಅಂಟಿನ ಹನಿ ತಡವಿ ಗುಂಡಿ ಒತ್ತಿದರು. ನಾನು ಕಾಲಿನ ಕಡೆ ನಿಂತು ಮುಖ ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿದವು. ಆಮೇಲೆ ಬಾಯಿ ತುಸು ತೆರೆಯಿತು. ಆಮೇಲೆ ಕಣ್ಣು ಮುಚ್ಚಿಕೊಂಡರು. ಎರಡೂ ಕಡೆ ನೀರು ಕಿವಿಯ ಸ್ಪಂಜಿಗೆ ಇಳಿಯಿತು. ನಾನು ಹೆದರಿದೆ. ಮೂಗುತಿಯ ಹಾಡು ಬಂದಿರಬೇಕು, ಇದ್ದಕ್ಕಿದ್ದಂತೆ ನಗು ಶುರುವಾಗಿ ಮೈಯೆಲ್ಲ ಕುಲುಕಿ ಮಷೀನು ಕುಂಯ್ ಎಂದು ಕೂಗಿಕೊಂಡಿತು. ನರ್ಸು ಓಡಿಬಂದು, "ಅಜ್ಜಿ, ಕೈ ಅಳ್ಳಾಡಸಬ್ಯಾಡ್ರೀ" ಎಂದಳು. "ಕೈ ಅಲ್ಲವಾ, ಹೊಟ್ಟಿ ನಗಾಕತ್ತದ" ಎಂದರು ನಿಮ್ಮ ತಾಯಿ. ಅದನ್ನೇ ಮತ್ತೆ ಮತ್ತೆ ಕೇಳಿ ನಾಲ್ಕು ತಾಸು ಮುಗಿದು ಸೂಜಿ ತೆಗೆಯಲು ಬಂದಾಗ ಕೇಳಿದ್ದು ಒಂದೇ ಮಾತು, "ಇಷ್ಟ ಲಗೂ ಆತಾ?" ಶುಕ್ರವಾರ ಆಟೋ ಬರುವ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಇದಕ್ಕೂ ಮಿಗಿಲಾದದ್ದನ್ನು ಕೇಳಿ. ಎಳ್ಳಮಾಸಿ ಹಬ್ಬದ ಮರುದಿನ ವಾರ್ಡಿನಲ್ಲಿ ಆ ಕೆಂಪು ಗುಂಡಿ ಹೇಗೆ ಒತ್ತುವುದು ಎಂದು ನನ್ನಿಂದ ಕಲಿತರು, ನನ್ನನ್ನು ಹೊರಗೆ ಕಳಿಸಿದರು. ಮನೆಗೆ ಬಂದು ನಾನು ಕದ್ದು ಕೇಳಿದೆ (ಕ್ಷಮಿಸಿ, ಆದರೆ ನೀವೂ ಕೇಳುತ್ತಿದ್ದಿರಿ). "ಬೇಗಂ, ನಾ ತುಂಗಾ. ಚಲೋ ಹಾಡೀದಿ. ಮೂಗುತಿ ಹಾಡಿನಾಗ ನಡುವ ಒಂದ ನುಡಿ ಬಿಟ್ಟೀ ನೋಡು" ಎಂದು ಹೇಳಿ, ಬಿಟ್ಟುಹೋದ ಆ ನುಡಿಯನ್ನು ತಾವೇ ಹಾಡಿದ್ದಾರೆ, ದಖನಿಯಲ್ಲಿ, ಒಂದು ಅಕ್ಷರ ತಡವರಿಸದೆ. ಹಿಂದೆ ಮಷೀನಿನ ಸದ್ದು ಕೇಳುತ್ತದೆ. ಇಷ್ಟು ವರ್ಷ ನಾನು ಇವರ ಕೈಕೆಳಗೆ ಸಾರು ಕಲಿತೆ, ಮಡಿ ಕಲಿತೆ, ಇವರನ್ನು ಕಲಿತಿರಲಿಲ್ಲ. ಆ ಕಾರ್ಡು ಝಹೀರನ ಬಾಳೆಹಣ್ಣಿನ ಟೆಂಪೋದಲ್ಲಿ ಕಮಲಾಪುರಕ್ಕೆ ಹೋಯಿತು. ಅವರು ಅದನ್ನು ಆಸ್ಮಾಳ ಫೋನಿಗೆ ಹಾಕಿ ಕೇಳಿ, ನಾಲ್ಕು ದಿನಕ್ಕೆ ಅದರಲ್ಲೇ ಉತ್ತರ ತುಂಬಿ ಕಳಿಸಿದರು. ಆ ನುಡಿ ಇಕ್ಬಾಲ್ ಬೇಗಂ ಅವರ ತಾಯಿ ಕಟ್ಟಿದ್ದಂತೆ. ಅದನ್ನು ಮರೆತೆನಲ್ಲ ಎಂದು ವರ್ಷಗಟ್ಟಲೆ ಕೊರಗಿದ್ದರಂತೆ. "ನಮ್ಮಮ್ಮನ ಮಾತ ನಿನ್ನ ಬಾಯಾಗ ಉಳದಿತ್ತಲ್ಲ ತುಂಗಕ್ಕ" ಎಂದು ಅದರಲ್ಲಿ ಹೇಳಿದ್ದಾರೆ. ಈಗ ಎರಡು ಕಾರ್ಡು ಹೋಗಿಬಂದು ಮಾಡುತ್ತಿವೆ. ಜೊತೆಗೆ ಕೆಂಪು ಬಾಳೆಹಣ್ಣೂ ಬರುತ್ತವೆ. ಕಿಡ್ನಿಯವರು ತಿನ್ನಬಾರದು, ಅತ್ತೆಯವರು ಮೂಸಿ ನೋಡಿ ನನಗೆ ಕೊಡುತ್ತಾರೆ. ಲಾಲ್ ಅಹ್ಮದ್ ಪ್ರತಿ ಕಾರ್ಡಿನ ಒಂದು ನಕಲು ತೆಗೆದಿಡುತ್ತಾರೆ, ದಿನಾಂಕ ಸಮೇತ.

ಅತ್ತೆಯವರು ಈಗ ಎಳ್ಳು ಬೆಲ್ಲದ ಡಬ್ಬಿ ಕಟ್ಟುತ್ತಾ ಕೂತಿದ್ದಾರೆ, ನಿಮಗೆ ಪಾರ್ಸಲ್ ಹಾಕಲು. ತಲೆಗೆ ಟೋಪಿ ಇಲ್ಲದೆ ಬೆಳಿಗ್ಗೆ ಹೊರಗೆ ಹೋಗಕೂಡದು ಎಂದು ಬರೆಯಲು ಹೇಳಿದರು, ಬರೆದಿದ್ದೇನೆ. ಅವರ ಆಶೀರ್ವಾದ ನಿಮ್ಮ ಮೇಲಿರಲಿ, ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮವಳೇ ಆದ
ಶುಭದಾ

ತಾ.ಕ.: ಇದನ್ನು ಅತ್ತೆಯವರಿಗೆ ತಿಳಿಯದಂತೆ ಅಂಚೆಪೆಟ್ಟಿಗೆಯ ಮುಂದೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ. ಫೋನಿನಲ್ಲಿ ಅವರು ಪಕ್ಕದಲ್ಲೇ ಇರುತ್ತಾರೆ, ಹೇಳಲಾಗುವುದಿಲ್ಲ. ಸೂಜಿ ಹಾಕುವ ಎಡಗೈಯ ನರ ಮುಚ್ಚಿಕೊಳ್ಳುತ್ತಿದೆ. ಫೆಬ್ರವರಿ ಹತ್ತೊಂಬತ್ತು, ಬುಧವಾರ, ಸೂಜಿಗೆ ಹೊಸ ಜಾಗ ಮಾಡಲು ಬಲಗೈಗೆ ಆಪರೇಶನ್. ಹೃದಯ ಸ್ವಲ್ಪ ದುರ್ಬಲವಿದೆ, ಮಗ ಇದ್ದರೆ ಒಳ್ಳೆಯದು ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದರು. ಅತ್ತೆಯವರು ಆಪರೇಶನ್ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಫಾರಂ ಎಳೆದುಕೊಂಡು ತಾವೇ ಸಹಿ ಹಾಕಿದರು. "ಅವನಿಗಿ ಹೇಳಬ್ಯಾಡ, ರಸ್ತಾದ ಕೆಲಸಾ ನಿಲ್ಲತದ" ಎಂದರು. ರಸ್ತೆ ಹತ್ತು ದಿನ ಕಾಯುತ್ತದೆ. ರಜೆ ಕೊಡಲು ನಿಮ್ಮ ಸಾಹೇಬರು ಹಿಂದೆಮುಂದೆ ನೋಡಿದರೆ ಈ ಹಾಳೆಯನ್ನೇ ತೋರಿಸಿ. ಹೆದರಬೇಡಿ, ಆದರೆ ಬನ್ನಿ.